ವೈನ್ ಮಂಡಳಿಗೆ ಹೋಗುವ ಮುನ್ನ ಮಳೆಯ ಲೆಕ್ಕ ತೆಗೆದಿಡಿ

ಸೋಮವಾರಪೇಟೆಯ ಮಿತ್ರರೇ, ಕಾಫಿ ಕಿತ್ತ ಜಾಗದಲ್ಲಿ ಮೊದಲು ಕ್ಯಾಬರ್ನೆ ಸೋವಿನ್ಯೋ ಎಂಬ ವೈನ್ ದ್ರಾಕ್ಷಿ ನೆಟ್ಟು, ಆಮೇಲೆ ದ್ರಾಕ್ಷಾರಸ (ವೈನ್) ಮಂಡಳಿಯಿಂದ ಲೈಸೆನ್ಸ್ ಪಡೆದು, ಬೇಕರಿ ಈಸ್ಟ್ ಹಾಕಿ ಮನೆಯಲ್ಲೇ ಮಾಡಿದ ವೈನನ್ನು ಹೋಂಸ್ಟೇ ಅತಿಥಿಗಳಿಗೆ ಮಾರುವುದಾಗಿ ಬರೆದಿದ್ದೀರಿ. ದಯವಿಟ್ಟು ಗುಂಡಿ ತೆಗೆಸುವುದನ್ನು ನಿಲ್ಲಿಸಿ. ನಮ್ಮ ಭಾವನವರೂ ಇದೇ ಕ್ರಮದಲ್ಲಿ ಹೊರಟಿದ್ದರು.

ರಾಜ್ಯದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ಜೊತೆಗೆ ಬಂದ ಈ ಮಂಡಳಿಯ ಕೆಲಸ ಸಲಹೆ, ತರಬೇತಿ, ಪ್ರಚಾರ ಮತ್ತು ಬೆಳೆಗಾರರನ್ನು ವೈನರಿಗಳೊಂದಿಗೆ ಬೆಸೆಯುವುದು. ಪರವಾನಗಿ ಅಬಕಾರಿ ಇಲಾಖೆಯ ಕೈಯಲ್ಲಿದೆ. ವೈನಿನ ಗುಣಮಟ್ಟಕ್ಕೂ ಲೇಬಲಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಿವೆ. ‘ಹೋಂಮೇಡ್’ ಎಂದು ಚೀಟಿ ಅಂಟಿಸಿದ ಮಾತ್ರಕ್ಕೆ ಮಾರಾಟಕ್ಕೆ ವಿನಾಯಿತಿ ಸಿಗುವುದಿಲ್ಲ. ಅಂಥ ವೈನ್ ಮಾರುವ ಮಡಿಕೇರಿಯ ಅಂಗಡಿಗಳನ್ನು ನೋಡಿ ಲೆಕ್ಕ ಹಾಕಬೇಡಿ.

ಮಂಡಳಿಯ ಸಲಹೆ ನಿಜಕ್ಕೂ ಬೆಲೆಬಾಳುವಂಥದ್ದು, ಆದರೆ ಅದನ್ನು ಗಿಡ ನೆಟ್ಟ ಮೇಲೆ ಕೇಳಿ ಪ್ರಯೋಜನವಿಲ್ಲ. ಭಾವನವರ ಬಳ್ಳಿಗಳು ಡಾಗ್‌ರಿಡ್ಜ್ ಬೇರುಕಾಂಡದ (ಕಸಿಯ ಅಡಿಗಿಡ) ಮೇಲೆ ಸೊಗಸಾಗಿ ಎದ್ದಿದ್ದವು. ಏಪ್ರಿಲ್ ಚಾಟ್ನಿಯ (ಕಡ್ಡಿ ಸವರುವಿಕೆ) ನಂತರ ಚಿಗುರೊಡೆದು, ಕಡ್ಡಿಯ ಕಣ್ಣಿನೊಳಗೆ ಗೊನೆಯ ಮೊಳಕೆ ರೂಪುಗೊಳ್ಳಬೇಕಾದ ಹೊತ್ತಿಗೆ ಸರಿಯಾಗಿ ಮೋಡ ಕವಿಯಿತು. ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಬಿದ್ದಂತಹ ಹಳದಿ ಕಲೆ, ತಿರುವಿ ನೋಡಿದರೆ ಬಿಳಿ ಬೂಜು: ಡೌನಿ ಎಂಬ ಬೂಜು ರೋಗ. ಸಿಂಪಡಿಸಿದ ಔಷಧಿ ಮಳೆಗೆ ತೊಳೆದುಹೋಯಿತು. ಅಕ್ಟೋಬರ್ ಚಾಟ್ನಿಗೆ ಚಿಗುರು ಧಾರಾಳವಾಗಿ ಬಂದಿತು, ಗೊನೆ ಮಾತ್ರ ಬರಲಿಲ್ಲ. ಬಿಸಿಲಿಲ್ಲದೆ ಕಣ್ಣು ಬರಡಾಗಿದ್ದರೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಅಷ್ಟೇ.

ಆದ್ದರಿಂದ, ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಭಾಗ) ಬರೆದಿಟ್ಟಿರುವ ಮಳೆಯ ಡೈರಿಯನ್ನು ಮೊದಲು ತೆಗೆಯಿರಿ. ಮೇ ನಡುವಿನಿಂದ ಜೂನ್ ಕೊನೆಯವರೆಗಿನ ಪುಟಗಳನ್ನು ಹಲವು ವರ್ಷಗಳಿಗೆ ನೋಡಿ, ಮಣ್ಣು ಮತ್ತು ನೀರಿನ ಪರೀಕ್ಷಾ ವರದಿಯೊಂದಿಗೆ ಪ್ರತಿ ಮಾಡಿಸಿ ಮಂಡಳಿಗೆ ಕೊಡಿ. ಈ ಮಳೆಗೆ ಯಾವ ತಳಿ, ಚಾಟ್ನಿಯನ್ನು ಯಾವಾಗ ಮಾಡಬೇಕು, ಮಳೆ ತಡೆಯುವ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಖರ್ಚು ಗಿಟ್ಟುತ್ತದೆಯೇ, ಯಾವ ವೈನರಿ ಎಷ್ಟು ಬ್ರಿಕ್ಸ್‌ಗೆ (ರಸದ ಸಕ್ಕರೆಯ ಅಳತೆ) ಯಾವ ದರದಲ್ಲಿ ಲಿಖಿತ ಒಪ್ಪಂದ ಮಾಡಿಕೊಳ್ಳುತ್ತದೆ ಎಂದು ಕೇಳಿ. ‘ಸಬ್ಸಿಡಿ ಎಷ್ಟು’ ಎಂಬುದೇ ಮೊದಲ ಪ್ರಶ್ನೆಯಾಗಬಾರದು. ಕುಶಾಲನಗರದ ಕಡೆಯ ಒಣ ಜಾಗಕ್ಕೆ ಸಿಗುವ ಉತ್ತರ ಬೇರೆ, ಮಡಿಕೇರಿಯ ಮಳೆಗೆ ಸಿಗುವ ಉತ್ತರ ಬೇರೆ. ಒಣ ಹವೆಯ ವಿಜಯಪುರದವರ ವಿಡಿಯೋ ನೋಡಿ ಇಲ್ಲಿ ಬಳ್ಳಿ ಹಬ್ಬಿಸಬೇಡಿ.

ಈಗಾಗಲೇ ಮನೆಯಂಗಳದಲ್ಲಿ ನಾಲ್ಕು ಬಳ್ಳಿ ಇದ್ದವರಿಗೆ ಒಂದು ಮಾತು. ನಾವು ಕಾಳುಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿಯ ಡೌನಿಗೆಂದೇ ಹುಟ್ಟಿದ್ದು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣದ ನೀರನ್ನು ತುತ್ತದ ನೀರಿಗಲ್ಲ. ಉಜ್ಜಿದ ಕುಡುಗೋಲನ್ನು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು. ಅಂಗಡಿಯಲ್ಲಿ ಸಿಗುವ ತಾಮ್ರದ ಔಷಧಿ ಬ್ಲೈಟಾಕ್ಸ್ ಅವಸರಕ್ಕೆ ಸರಿ, ಮಳೆಯಲ್ಲಿ ಅಂಟಿಕೊಂಡು ನಿಲ್ಲುವುದು ಬೋರ್ಡೋ. ಆದರೆ ಕೊಯ್ಲು ಹತ್ತಿರವಾದಾಗ ಯಾವ ತಾಮ್ರವೂ ಬೇಡ; ಹಣ್ಣಿನ ಮೇಲೆ ಉಳಿದ ತಾಮ್ರ ಈಸ್ಟನ್ನು ಕುಗ್ಗಿಸಿ ಹುದುಗುವಿಕೆಯನ್ನು ಕೆಡಿಸುತ್ತದೆ.

ಈಸ್ಟ್ ಎಂದಾಗ ನೆನಪಾಯಿತು. ನೀವು ಬರೆದ ಬೇಕರಿ ಈಸ್ಟ್ ವೈನಿಗೆ ತಕ್ಕದ್ದಲ್ಲ, ನನ್ನ ಆಯ್ಕೆ ಲಾಲ್ವಿನ್ ಇಸಿ-1118 ಎಂಬ ವೈನ್ ಈಸ್ಟ್. ಜೊತೆಗೆ ಸಕ್ಕರೆಯನ್ನು ಕಣ್ಣಂದಾಜಿನಲ್ಲಿ ಸುರಿಯುವುದನ್ನು ಬಿಟ್ಟು, ರಸದ ಸಾಂದ್ರತೆಯಿಂದ ಸಕ್ಕರೆ ಅಳೆಯುವ ಹೈಡ್ರೋಮೀಟರ್ ಕೊಳ್ಳಿ: ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರವಾಗುತ್ತದೆ.

ಮಳೆಯ ಡೈರಿಯ ಆ ಪುಟಗಳ ಫೋಟೋವನ್ನು ಇಲ್ಲಿ ಹಾಕಿ. ಮಂಡಳಿಗೆ ಬರೆಯುವ ಪತ್ರವನ್ನು ಅದರ ಆಧಾರದ ಮೇಲೆ ನಾನೇ ತಿದ್ದಿಕೊಡುತ್ತೇನೆ.