ಲಾಟ್ವಿಯಾದಲ್ಲಿ ನೋಡಬೇಕಾದದ್ದು ಶೇ. 5ರ ಗೆರೆ

ಮಗಳು ಲಾಟ್ವಿಯಾದ ರಾಜಧಾನಿ ರಿಗಾದಲ್ಲಿ ಮೆಡಿಕಲ್ ಓದುತ್ತಿದ್ದಾಳೆ, 2026ರ ಅಕ್ಟೋಬರ್ 3ಕ್ಕೆ ಅಲ್ಲಿ ಸಂಸತ್ ಚುನಾವಣೆಯಂತೆ ಎಂದು ಬರೆದಿದ್ದೀರಿ. ಯಾವ ಪಕ್ಷ ಮೊದಲು ಬರುತ್ತೆ, ಇಷ್ಟೊಂದು ಪಕ್ಷಗಳಿದ್ದರೆ ಸರ್ಕಾರ ಬೀಳ್ತಾನೇ ಇರಲ್ವಾ ಅನ್ನೋದು ನಿಮ್ಮ ಪ್ರಶ್ನೆ.

ಯಾರು ಮೊದಲು ಅನ್ನೋದಕ್ಕೆ ಅಲ್ಲಿ ಅಷ್ಟು ಬೆಲೆಯಿಲ್ಲ ಸಾರ್. 2011, 2014, 2018, ಮೂರು ಸಲವೂ ಜಾಸ್ತಿ ಸೀಟು ಗೆದ್ದದ್ದು ರಷ್ಯನ್ ಮಾತಾಡುವವರ ಬೆಂಬಲವಿದ್ದ ಹಾರ್ಮನಿ ಪಕ್ಷ. ಒಮ್ಮೆಯೂ ಅಧಿಕಾರ ಸಿಗಲಿಲ್ಲ. ಉಳಿದವರು ಜೊತೆಗೆ ಸೇರಿಸಿಕೊಳ್ಳಲಿಲ್ಲ. 2018ರ ಚುನಾವಣೆಯ ನಂತರ ಪ್ರಧಾನಿಯಾದ ಕರಿನ್ಶ್ ಅವರ ನ್ಯೂ ಯೂನಿಟಿಗೆ ಇದ್ದದ್ದು 100ರಲ್ಲಿ 8 ಸೀಟು, ಸದನದಲ್ಲೇ ಎಲ್ಲರಿಗಿಂತ ಚಿಕ್ಕ ಪಕ್ಷ! ಐದು ಪಕ್ಷಗಳನ್ನು ಒಟ್ಟುಗೂಡಿಸಲು ಮೂರು ತಿಂಗಳಿಗೂ ಜಾಸ್ತಿ ಹಿಡಿಯಿತು. ಮಧ್ಯದಲ್ಲಿ ಒಂದು ಪಕ್ಷ ಹೊರಬಿತ್ತು. ಆದರೂ ಸರ್ಕಾರ ಮುಂದಿನ ಚುನಾವಣೆವರೆಗೆ ನಡೆಯಿತು.

ನಿಜವಾಗಿ ನೋಡಬೇಕಾದದ್ದು ಶೇ. 5ರ ಗೆರೆ. ದೇಶದಲ್ಲಿ ಬಿದ್ದ ಒಟ್ಟು ಮತದಲ್ಲಿ ಅಷ್ಟು ಪಾಲು ಬಾರದ ಪಕ್ಷಕ್ಕೆ ಒಂದು ಸೀಟೂ ಇಲ್ಲ. 2022ರಲ್ಲಿ ಉಕ್ರೇನ್ ಯುದ್ಧದ ಬಿಸಿಯಲ್ಲಿ ಹಾರ್ಮನಿಯ ಮತದಾರರು ಚದುರಿಹೋದರು. 23 ಸೀಟಿದ್ದ ಪಕ್ಷ ಕೂದಲೆಳೆಯಲ್ಲಿ ಗೆರೆ ಮುಟ್ಟಲಾಗದೆ ಸೊನ್ನೆಗೆ ಇಳಿಯಿತು. ಆ ಸಲ ಪಕ್ಷಗಳು ಇಳಿಸಿದ 19 ಅಭ್ಯರ್ಥಿ ಪಟ್ಟಿಗಳಲ್ಲಿ ಗೆರೆ ದಾಟಿದ್ದು 7 ಮಾತ್ರ. ನೂರಕ್ಕೆ ಸುಮಾರು 29 ಮತ ನೀರುಪಾಲು. ಜನ ಬೂತಿಗೆ ಬಂದು ಹಾಕಿದ ಮತ ಹೀಗಾಗೋದು ನನಗಂತೂ ಸಂಕಟದ ವಿಷಯ. ಗೆರೆಯನ್ನು ತುಸು ತಗ್ಗಿಸಬೇಕು.

ಆದರೆ ಬೂತಿನೊಳಗಿನ ಪದ್ಧತಿ ನೋಡಿದರೆ ಹೊಟ್ಟೆಕಿಚ್ಚಾಗುತ್ತೆ. ಮತದಾರರ ಕೈಗೆ ಪ್ರತಿ ಪಕ್ಷದ್ದೂ ಬೇರೆ ಬೇರೆ ಹಾಳೆ ಕೊಡುತ್ತಾರೆ, ಹಾಳೆಯ ತುಂಬ ಅಭ್ಯರ್ಥಿಗಳ ಹೆಸರು. ಬೇಕಾದ ಒಂದು ಹಾಳೆಯನ್ನಷ್ಟೇ ಲಕೋಟೆಗೆ ಹಾಕಬೇಕು. ಅದಕ್ಕೂ ಮುಂಚೆ ಮೆಚ್ಚಿದವರ ಹೆಸರಿನ ಮುಂದೆ ಪ್ಲಸ್ ಗುರುತು ಹಾಕಬಹುದು, ಬೇಡದವರ ಹೆಸರು ಹೊಡೆದುಹಾಕಬಹುದು. ಇದೆಲ್ಲ ಕೂಡಿ ಕಳೆದ ಮೇಲೆ ಆ ಪಟ್ಟಿಯಲ್ಲಿ ಯಾರು ಗೆದ್ದರು ಅನ್ನೋದು ತೀರ್ಮಾನ. ಪಟ್ಟಿಯಲ್ಲಿ ಪಕ್ಷ ಮೇಲಿಟ್ಟವರನ್ನೂ ಮತದಾರ ಕೆಳಗಿಳಿಸಬಹುದು.

ನಿಮ್ಮ ಮಗಳಿಗೆ ಮತ ಇಲ್ಲ, ಅದು ನಾಗರಿಕರಿಗೆ ಮಾತ್ರ. ಎಣಿಕೆಯ ರಾತ್ರಿ ಶೇ. 5ರ ಆಸುಪಾಸಿನಲ್ಲಿ ಯಾರಿದ್ದಾರೆ ಅಂತ ಅವಳಿಗೆ ಫೋನ್ ಮಾಡಿ ಕೇಳಿ. ಹೊಸ ಸದನ ನವೆಂಬರ್ 3ಕ್ಕೆ ಸೇರುತ್ತೆ. ಪ್ರಧಾನಿ ಯಾರು ಅನ್ನೋದು ಆಗಲೂ ಗೊತ್ತಾಗದಿದ್ದರೆ ಗಾಬರಿಯಾಗಬೇಡಿ.

— ಸಂ.