ಸ್ಟಾಕ್ ಸಾಫ್ಟ್‌ವೇರ್: ಹಾಕಿದ ದುಡ್ಡು ಹುಟ್ಟುತ್ತದೆಯೇ?

ಪ್ರಶ್ನೆ: ನಮ್ಮದು ಔಷಧದ ಸಗಟು ವ್ಯಾಪಾರ. ಸರಾಸರಿ ದಾಸ್ತಾನು 80 ಲಕ್ಷ ರೂ., ಬ್ಯಾಂಕಿನ ಸಿ.ಸಿ. (ಕ್ಯಾಶ್ ಕ್ರೆಡಿಟ್) ಸಾಲದ ಬಡ್ಡಿ ಶೇ. 11. ಪೂರೈಕೆ ಸರಪಳಿ ಸಾಫ್ಟ್‌ವೇರ್‌ಗೆ ವರ್ಷಕ್ಕೆ 1.5 ಲಕ್ಷ ಕೇಳುತ್ತಿದ್ದಾರೆ. ‘ದಾಸ್ತಾನು ಶೇ. 10 ಇಳಿದರೆ 8 ಲಕ್ಷ ಉಳಿಯಿತಲ್ಲ’ ಅನ್ನುತ್ತಾರೆ. ನಂಬಬಹುದೇ?
– ಸಗಟು ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಆ 8 ಲಕ್ಷ ಲಾಭವಲ್ಲ. ಸರಕಿನಲ್ಲಿ ಸಿಕ್ಕಿಕೊಂಡಿದ್ದ ನಿಮ್ಮದೇ ಹಣ, ಒಮ್ಮೆ ಮಾತ್ರ ಕೈಗೆ ಬರುತ್ತದೆ. ವರ್ಷವರ್ಷವೂ ಉಳಿಯುವುದು ಅದರ ಬಡ್ಡಿ, 88,000 ರೂ. ಇನ್ನು 62,000 ಬೇರೆ ಕಡೆಯಿಂದ ಬರಬೇಕು. ಅವಧಿ ಮೀರಿ, ಕಂಪನಿಯೂ ವಾಪಸ್ ತೆಗೆದುಕೊಳ್ಳದ ಮಾಲಿನ ನಷ್ಟ ವರ್ಷಕ್ಕೆ 1.25 ಲಕ್ಷ ಇದ್ದು, ಅದು ಅರ್ಧಕ್ಕಿಳಿದರೆ ಅಸಲು ಹುಟ್ಟುತ್ತದೆ. ಅದೂ ಎರಡನೇ ವರ್ಷದಿಂದ. ಮೊದಲ ವರ್ಷ ಸ್ಕ್ಯಾನರ್, ತರಬೇತಿ, ಡೇಟಾ ತುಂಬಿಸುವ ಖರ್ಚು ಬೇರೆ. ‘ಮಾರಾಟ ಹೆಚ್ಚುತ್ತದೆ’ ಎಂದರೆ ಪೂರ್ತಿ ಮಾರಾಟದ ಹಣವಲ್ಲ, ಅದರಲ್ಲಿ ನಿಮಗೆ ಉಳಿಯುವ ಮಾರ್ಜಿನ್ ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಸಾಫ್ಟ್‌ವೇರ್‌ನ ಲೆಕ್ಕ ಕೆಡುವುದು ಹೆಚ್ಚಾಗಿ ಐಟಂ ಪಟ್ಟಿಯಲ್ಲಿ. ಒಂದೇ ಮಾತ್ರೆ ಎರಡು ಹೆಸರಲ್ಲಿ, ಒಂದು ಕಡೆ ಸ್ಟ್ರಿಪ್, ಇನ್ನೊಂದು ಕಡೆ ಬಾಕ್ಸ್ ಎಂದು ಕೂತಿದ್ದರೆ, 10 ಸ್ಟ್ರಿಪ್ ಬೇಕಾದಲ್ಲಿ 10 ಬಾಕ್ಸ್ ಆರ್ಡರ್ ಹೋಗುತ್ತದೆ. ಬಿಲ್ ಆಗುವ ಮುಂಚೆಯೇ ಮಾಲು ಹೊರಗೆ ಕಳಿಸುವ ಅಭ್ಯಾಸವಿದ್ದರಂತೂ ಯಾವ ಸಾಫ್ಟ್‌ವೇರೂ ದಂಡ.

ಮೊದಲು ಹೆಚ್ಚು ಹಣ ತಿನ್ನುವ 200 ಐಟಂಗಳನ್ನು ಎಕ್ಸೆಲ್‌ನಲ್ಲೇ ಮೂರು ತಿಂಗಳು ನಡೆಸಿ. ಉದಾಹರಣೆಗೆ, ಒಂದು ಐಟಂ ದಿನಕ್ಕೆ 20 ಸ್ಟ್ರಿಪ್ ಖರ್ಚು, ಮಾಲು ಬರಲು 6 ದಿನ, ಆಪತ್ತಿಗೆಂದು 40: ಸ್ಟಾಕ್ 160ಕ್ಕೆ ಇಳಿದ ಕೂಡಲೇ ಆರ್ಡರ್. ಅವಧಿ ಬೇಗ ಮುಗಿಯುವ ಬ್ಯಾಚ್ ಮೊದಲು ಹೊರಗೆ. ಇಷ್ಟರಿಂದಲೇ ದಾಸ್ತಾನು ಇಳಿದರೆ ಖರೀದಿ ಮುಂದೂಡಿ. ಕೊಳ್ಳುವುದೇ ಆದರೆ, ಒಪ್ಪಂದ ಮುಗಿದಾಗ ಬ್ಯಾಚ್‌ವಾರು ಡೇಟಾ ಎಕ್ಸೆಲ್‌ನಲ್ಲಿ ಕೊಡಬೇಕೆಂದು ಬರೆಸಿಕೊಳ್ಳಿ.