ಕ್ರಾಸ್‌ಬೋ ಎಳೆದಿದ್ದಾಯ್ತು, ಇಳಿಸೋದು ಹೇಗೆ?

ಪ್ರಶ್ನೆ: ಸರ್, ನಮ್ಮದು ಇಂಡಿ ಹತ್ತಿರದ ಊರು. ಗುರಿ ಹೊಡೆಯೋ ಹವ್ಯಾಸಕ್ಕೆ ಗೆಳೆಯನೂ ನಾನೂ ಸೇರಿ 150 ಪೌಂಡ್ ಜಗ್ಗಿನ ಕ್ರಾಸ್‌ಬೋ (ಟ್ರಿಗರ್ ಇರೋ ಅಡ್ಡಬಿಲ್ಲು) ತಂದಿದ್ದೇವೆ. ಬರಿಗೈಯಲ್ಲೇ ಎಳೀತೀವಿ. ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತದೆ. ಎಳೆದ ಮೇಲೆ ಹೊಡೆಯೋದು ಬೇಡ ಅನ್ನಿಸಿದರೆ ಏನು ಮಾಡಬೇಕು? ದಾರ ಹಿಡ್ಕೊಂಡು ಟ್ರಿಗರ್ ಒತ್ತು ಅಂತಾನೆ ಗೆಳೆಯ.

ಉತ್ತರ: ಗೆಳೆಯನ ಮಾತು ಕೇಳಬೇಡಿ ತಮ್ಮಾ. 150 ಪೌಂಡ್ ಅಂದರೆ ಸುಮಾರು 68 ಕೆಜಿ, ಒಂದು ಸಿಮೆಂಟ್ ಚೀಲಕ್ಕಿಂತ ಜಾಸ್ತಿ. ಎಳೆದ ದಾರ ಹಿಡಿದಿರೋ ಲಾಕ್ ಬಿಟ್ಟ ಕ್ಷಣಕ್ಕೆ ಅಷ್ಟೂ ಜಗ್ಗು ನಿಮ್ಮ ಬೆರಳ ಮೇಲೆ ಬರುತ್ತದೆ. ಬಾಣ ಇಲ್ಲದೆ ಸುಮ್ನೆ ಟ್ರಿಗರ್ ಒತ್ತೋದೂ ಬೇಡ. ಬಾಣ ಹೊತ್ತು ಹೋಗಬೇಕಾದ ಶಕ್ತಿ ವಾಪಸ್ ಬಿಲ್ಲಿಗೇ ಹೊಡೆದು ಲಿಂಬ್ (ಬಿಲ್ಲಿನ ಬಾಗುವ ತೋಳು) ಸೀಳಬಹುದು, ದಾರ ಹರಿಯಬಹುದು.

ಇಳಿಸೋಕೆ ಸರಿಯಾದ ದಾರಿ ಅಂದರೆ ಬಾಣ ಹಾಕಿ ಹೊಡೆದುಬಿಡೋದು. ಅದಕ್ಕೇ ಅಂತ ಮೊಂಡು ತುದಿಯ ಒಂದು ಬಾಣ ಬೇರೆ ಇಟ್ಟುಕೊಳ್ಳಿ, ತೂಕ ಮಾತ್ರ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ನೆಲಕ್ಕೆ ಹೊಡೀರಿ ಅಂತ ಕೆಲವರು ಹೇಳುತ್ತಾರೆ, ಆದರೆ ನಮ್ಮ ಕಡೆ ಎರೆ ಹೊಲ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಕಲ್ಲಿನ ಹಾಗೆ ಇರುತ್ತದೆ, ಬಾಣ ಪುಟಿದು ಎತ್ತ ಹೋಗುತ್ತೋ ಹೇಳೋಕಾಗಲ್ಲ. ಹಳೇ ಬಟ್ಟೆ ಗಟ್ಟಿಯಾಗಿ ತುರುಕಿದ ಗೋಣಿಚೀಲ ಒಳ್ಳೆಯದು, ಅದರ ಹಿಂದೆ ಮಣ್ಣಿನ ದಿಬ್ಬ ಇರಲಿ. ನಿಂಬೆ ತೋಟದ ಕಡೆ ಮುಖ ಮಾಡಿ ಹೊಡೆಯೋದು ಬೇಡ, ಗಿಡದ ಮರೆಯಲ್ಲಿ ಕಾಯಿ ಆರಿಸೋರು ಇರುತ್ತಾರೆ. ಕೆಲವು ಕ್ರ್ಯಾಂಕ್ ಮಾಡೆಲ್‌ಗಳಲ್ಲಿ ಹಿಡಿ ತಿರುಗಿಸಿ ಇಳಿಸಬಹುದು. ಕೈಪಿಡಿಯಲ್ಲಿ ಹಾಗಂತ ಬರೆದಿದ್ದರೆ ಮಾತ್ರ.

ಇನ್ನು ಎಡ-ಬಲದ ವಿಷಯ. ಬರಿಗೈಯಲ್ಲಿ ಎಳೆದರೆ ಒಂದು ಕೈ ಜಾಸ್ತಿ ಜಗ್ಗುತ್ತದೆ, ದಾರ ಒಂದೆರಡು ಮಿಲಿಮೀಟರ್ ಓರೆಯಾಗಿ ಲಾಕ್ ಆದರೂ ಬಾಣ ಪಕ್ಕಕ್ಕೆ ಹೋಗುತ್ತದೆ. ಎಳೆಯುವ ಹಗ್ಗ ಅಂತಲೇ ಸಿಗುತ್ತದೆ, ಎರಡು ಕೊಕ್ಕೆ, ಎರಡು ಹಿಡಿ ಇರುತ್ತವೆ. ಅದರಿಂದ ಭಾರ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಮೊದಲು, ಎಳೆಯದೇ ಇರುವಾಗ, ರೇಲ್‌ನ (ಬಾಣ ಕೂರೋ ಉದ್ದ ಪಟ್ಟಿಯ) ಎರಡೂ ಬದಿಗೆ ತಾಗಿಸಿ ದಾರದ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಹಾಕಿ. ಚಪ್ಪಲಿ ಬೇಡ, ಶೂ ಹಾಕಿ ಬಿಲ್ಲಿನ ಮುಂತುದಿಯಲ್ಲಿರೋ ಬಳೆಯೊಳಗೆ ಪಾದ ಪೂರ್ತಿ ಇಡಿ. ಕೊಕ್ಕೆಗಳನ್ನು ರೇಲ್‌ಗೆ ಒತ್ತಿಸಿ ಹಾಕಿ ಎರಡೂ ಕೈಯಿಂದ ಒಂದೇ ಸಮ ಎಳೆಯಿರಿ, ಟಕ್ ಅಂತ ಸದ್ದು ಬರೋವರೆಗೂ ನಿಲ್ಲಿಸಬೇಡಿ. ಸದ್ದು ಬಂತು ಅಂತ ತಕ್ಷಣ ಹಗ್ಗ ಬಿಡಬಾರದು. ನಿಧಾನ ಸಡಿಲಿಸಿ, ದಾರ ಕೂತಿದೆಯಾ, ಗೆರೆಗಳು ಎರಡೂ ಕಡೆ ಸಮ ಇವೆಯಾ, ಸೇಫ್ಟಿ (ಟ್ರಿಗರ್ ತಡೆಯೋ ಕೀಲಿ) ಬಿದ್ದಿದೆಯಾ ನೋಡಿ. ಆಮೇಲೆ ಕೊಕ್ಕೆ ತೆಗೆಯಿರಿ. ಹೊಡೆಯುವಾಗ ಹೆಬ್ಬೆರಳು ರೇಲ್‌ಗಿಂತ ಕೆಳಗೇ ಇರಬೇಕು, ದಾರ ಹೋಗೋದು ರೇಲ್ ಮೇಲೇ.

ನೀವು ಕೇಳಿಲ್ಲ, ಆದರೂ ಹೇಳ್ತೀನಿ: ಹೊಲಕ್ಕೆ ಹಂದಿ ಬಂತು ಅಂತ ಇದನ್ನು ಹಿಡ್ಕೊಂಡು ಹೋಗಬೇಡಿ. ಅನುಮತಿ ಇಲ್ಲದೆ ಕಾಡುಹಂದಿ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೇಸ್ ಆಗುತ್ತದೆ.

ನಿಮ್ಮ ಗೆಳೆಯ ಆಗಲೇ ಒಮ್ಮೆ ಖಾಲಿ ಹೊಡೆದಿರಬಹುದು ಅಂತ ನನ್ನ ಅನುಮಾನ. ಹೌದಾದರೆ ಮತ್ತೆ ಎಳೆಯೋ ಮೊದಲು ಒಂದು ಹತ್ತಿ ಉಂಡೆ ತಗೊಂಡು ಎರಡೂ ಲಿಂಬ್ ಮೇಲೆ, ಅಂಚಿಗುಂಟ ಸವರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳು ಬಿಟ್ಟಿದೆ ಅಂತ ತಿಳಿಯಿರಿ, ಅಂಗಡಿಯವರಿಗೆ ತೋರಿಸೋವರೆಗೂ ಎಳೆಯಬೇಡಿ.